ಗಂಟಲು ನೋವಿನಲ್ಲೂ ರಂಗಸ್ಥಳ ಏರುವವರಿಗೆ

ಯಕ್ಷಗಾನದ ತೆಂಕು, ಬಡಗು ಮೇಳಗಳ ಭಾಗವತರಿಗೆ, ವೇಷಧಾರಿಗಳಿಗೆ, ತಾಳಮದ್ದಳೆಯ ಅರ್ಥಧಾರಿಗಳಿಗೆ, ಹವ್ಯಾಸಿ ಕಲಾವಿದರಿಗೆ,



ದೀಪಾವಳಿ ಕಳೆಯಿತು. ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತಿವೆ. ಇನ್ನು ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ನಿಮ್ಮಲ್ಲಿ ಹೆಚ್ಚಿನವರಿಗೆ ರಾತ್ರಿಯೆಂದರೆ ದುಡಿಮೆ. ಈ ಆರು ತಿಂಗಳಲ್ಲಿ ಒಂದು ಸಲವೂ ಗಂಟಲು ನೋಯದ ಕಲಾವಿದರನ್ನು ನಾನು ಕಂಡಿಲ್ಲ. ಕರಾವಳಿಯಲ್ಲೇ ಕಿವಿ, ಮೂಗು, ಗಂಟಲಿನ ವೈದ್ಯನಾಗಿರುವುದರಿಂದ ನಿಮ್ಮಲ್ಲಿ ಕೆಲವರನ್ನು ರಂಗಸ್ಥಳದಲ್ಲೂ ನೋಡುತ್ತೇನೆ, ನನ್ನ ಕೋಣೆಯಲ್ಲೂ ನೋಡುತ್ತೇನೆ. ಬರುವ ಹೊತ್ತು ಸಾಮಾನ್ಯವಾಗಿ ಸಂಜೆ. ಕೇಳುವುದು ಒಂದೇ ಮಾತು: ‘ಡಾಕ್ಟ್ರೇ, ಇವತ್ತು ರಾತ್ರಿ ಆಟ ಉಂಟು. ಹೇಗಾದರೂ ಮಾಡಿ ಸ್ವರ ಬರಿಸಿಕೊಡಿ.’

ಆ ಅವಸರದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೋಯುವ ಗಂಟಲಿಗೆ ಹಿತ ಕೊಡುವ ಉಪಾಯಗಳು ಬೇಕಾದಷ್ಟಿವೆ. ಅವುಗಳಲ್ಲಿ ಹಲವು ನಿಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದವೇ. ಆದರೆ ಸ್ವರ ಬಿದ್ದ ರಾತ್ರಿ ಎಂದಿನಂತೆ ಹಾಡಿಸುವ, ಎಂದಿನಂತೆ ಅರ್ಥ ಹೇಳಿಸುವ ಔಷಧ ಯಾವುದೂ ಇಲ್ಲ. ಎರಡು ಮೂರು ದಿನ ಸುಮ್ಮನಿರುವುದೇ ಔಷಧವೆಂದು ನೀವು ಒಪ್ಪಬೇಕು, ಅದಕ್ಕೆ ಮೇಳ ಜಾಗ ಮಾಡಿಕೊಡಬೇಕು.

ಮೊದಲು ನೋವು ಎಲ್ಲಿದೆ ಎಂದು ನೋಡಿಕೊಳ್ಳಿ. ಉಗುಳು ನುಂಗುವಾಗ ನೋಯುತ್ತದೆ, ಗಂಟಲು ಕೆರೆಯುತ್ತದೆ, ಮೂಗು ಸೋರುತ್ತದೆ, ಆದರೆ ಮಾತಿನ ಸ್ವರ ಸರಿಯಿದೆ ಎಂದಾದರೆ ತೊಂದರೆ ಗಂಟಲಿನ ಮೇಲ್ಭಾಗದಲ್ಲಿದೆ. ನುಂಗಲು ಅಷ್ಟು ಕಷ್ಟವಿಲ್ಲ, ಆದರೆ ಸ್ವರ ದೊರಗಾಗಿದೆ, ಮೇಲಿನ ಷಡ್ಜಕ್ಕೆ ಹೋಗುವಾಗ ಒಡೆಯುತ್ತದೆ, ಪದ ಮುಗಿಯುವಷ್ಟರಲ್ಲಿ ಕುತ್ತಿಗೆಯ ಎರಡೂ ಬದಿ ಸೋತುಹೋಗುತ್ತದೆ ಎಂದಾದರೆ ಪೆಟ್ಟು ಬಿದ್ದಿರುವುದು ಇನ್ನೂ ಕೆಳಗೆ, ಧ್ವನಿಪೆಟ್ಟಿಗೆಗೆ. ಎರಡೂ ಒಟ್ಟಿಗೆ ಬರುವುದೂ ಇದೆ. ಆದರೂ ಈ ಭೇದ ತಿಳಿದಿರಲಿ. ಉಪ್ಪುನೀರು ಮುಕ್ಕಳಿಸಿದರೆ ಅದು ಮೇಲ್ಭಾಗವನ್ನಷ್ಟೇ ಮುಟ್ಟುತ್ತದೆ, ಧ್ವನಿತಂತುಗಳ ಹತ್ತಿರ ಸುಳಿಯುವುದೇ ಇಲ್ಲ. ನೀವು ಕುಡಿಯುವ ಕಷಾಯವೂ ತಂತುಗಳ ಮೇಲೆ ಹರಿಯುವುದಿಲ್ಲ. ನುಂಗುವ ಕ್ಷಣದಲ್ಲಿ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ, ಕುಡಿದದ್ದು ಹಿಂದಿನ ಅನ್ನನಾಳಕ್ಕೆ ಇಳಿಯುತ್ತದೆ. ಮೈಗೆ ನೀರು ಸೇರಿ, ರಕ್ತದ ಮೂಲಕ ಹೋಗಿ ತಂತುಗಳಿಗೆ ಪಸೆ ಬರಬೇಕು. ಅದಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು. ರಾತ್ರಿಯ ಆಟಕ್ಕೆ ಬೇಕಾದ ನೀರನ್ನು ಮಧ್ಯಾಹ್ನದಿಂದಲೇ ಕುಡಿಯುತ್ತ ಬರಬೇಕಾದ್ದು ಇದೇ ಕಾರಣಕ್ಕೆ. ಜಾಗಟೆ ಕೈಗೆತ್ತಿಕೊಂಡ ಮೇಲೆ ಕುಡಿದದ್ದು ಬಾಯಿ ಒಣಗಿದ್ದನ್ನು ಕಳೆಯುತ್ತದೆ, ಅಷ್ಟೆ.

ಧ್ವನಿತಂತುಗಳ ಕೆಲಸ ಎಷ್ಟೆಂದು ಒಂದು ಲೆಕ್ಕ ಕೊಡುತ್ತೇನೆ. ಕಪ್ಪು ಮೂರರ ಶ್ರುತಿಯಲ್ಲಿ ಭಾಗವತರು ಮೇಲಿನ ಷಡ್ಜಕ್ಕೆ ನಿಂತರೆ, ಎರಡು ಸೆಂಟಿಮೀಟರಿನ ಆಸುಪಾಸಿನ ಆ ಎರಡು ಮಡಿಕೆಗಳು ಸೆಕೆಂಡಿಗೆ ಸುಮಾರು 370 ಸಲ ಒಂದಕ್ಕೊಂದು ತಾಗಿ ಬಿಡುತ್ತವೆ. ಒಂದು ಏರುಪದ್ಯದಲ್ಲಿ ಎಷ್ಟು ಸಾವಿರ ಸಲವಾಯಿತೆಂದು ನೀವೇ ಎಣಿಸಿ. ಊದಿಕೊಂಡ ತಂತುಗಳನ್ನು ಅಷ್ಟು ಸಲ ಬಡಿಸಿದರೆ ಏನಾಗುತ್ತದೆಂದು ಹೇಳಲು ವೈದ್ಯರೇ ಬೇಕಿಲ್ಲ.

ಈಗ ಉಪಶಮನದ ಮಾತು. ಮೇಲ್ಭಾಗದ ನೋವು ಹೆಚ್ಚಿನ ಸಲ ವೈರಸ್ಸಿನದು. ಏನೂ ಮಾಡದಿದ್ದರೂ ವಾರದೊಳಗೆ ಇಳಿಯುವಂಥದ್ದು. ಆ ವಾರವನ್ನು ಹಗುರ ಮಾಡಿಕೊಳ್ಳಲು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ. ಮುಕ್ಕಳಿಸುವಾಗ ಗಳಗಳ ಸದ್ದು ಜೋರಾಗಿ ಬರಬೇಕೆಂದೇನೂ ಇಲ್ಲ, ತಲೆ ಹಿಂದಕ್ಕೆ ಬಾಗಿಸಿ ನೀರು ಅಲ್ಲಿ ನಿಂತರೆ ಸಾಕು. ಜೇನು ನಿಜವಾಗಿಯೂ ಹಿತ, ಕೆಮ್ಮನ್ನೂ ತಗ್ಗಿಸುತ್ತದೆ. ಮನೆಯಲ್ಲಿ ವರ್ಷ ತುಂಬದ ಮಗುವಿದ್ದರೆ ಅದಕ್ಕೆ ಮಾತ್ರ ಜೇನು ನೆಕ್ಕಿಸಬೇಡಿ. ನುಂಗಲಾಗದ ದಿನ ಕುಚಲಕ್ಕಿ ಗಂಜಿಗಿಂತ ಒಳ್ಳೆಯದನ್ನು ನಾನು ಕಾಣೆ. ನೀರು, ಉಪ್ಪು, ಅನ್ನ ಮೂರೂ ಒಂದೇ ಬಟ್ಟಲಲ್ಲಿ, ಗಂಟಲಿಗೆ ಒರಟಿಲ್ಲ. ಬಿಸಿಬಿಸಿಯಾಗಿಯೇ ಉಣ್ಣಬೇಕೆಂದಿಲ್ಲ, ಹದ ಬಿಸಿ ಇರಲಿ. ತಣ್ಣಗಿನದು ಕೆಲವರಿಗೆ ಇನ್ನೂ ಹಿತವೆನಿಸುತ್ತದೆ, ಅದನ್ನು ತಿಂದರೆ ನೋವು ಹೆಚ್ಚುತ್ತದೆಂಬ ಭಯ ಬೇಡ.

ಜ್ವರ, ಮೈಕೈ ನೋವು ಜೊತೆಗಿದ್ದರೆ 500 ಮಿಲಿಗ್ರಾಂನ ಪ್ಯಾರಾಸಿಟಮಾಲ್ ಮಾತ್ರೆ ಆರು ಗಂಟೆಗೊಂದರಂತೆ ತೆಗೆದುಕೊಳ್ಳಬಹುದು. ಲಿವರಿನ ತೊಂದರೆ ಇರುವವರು, ಕುಡಿತದ ಅಭ್ಯಾಸ ಇರುವವರು ಕೇಳದೆ ನುಂಗಬಾರದು. ಇನ್ನೊಂದು ಮಾತನ್ನು ಹಾಡುಗಾರರು ನೆನಪಿಡಬೇಕು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ನೋವಿನ ಇತರ ಹಲವು ಮಾತ್ರೆಗಳಿಗೂ ಆ ಗುಣ ಸ್ವಲ್ಪಮಟ್ಟಿಗೆ ಇದೆ. ಊದಿದ ತಂತುವಿನ ಸಣ್ಣ ರಕ್ತನಾಳ ಏರುಸ್ವರದಲ್ಲಿ ಒಡೆಯಿತೆಂದರೆ ಈ ಮಾತ್ರೆ ನುಂಗಿದವರಲ್ಲಿ ರಕ್ತ ಹೆಚ್ಚು ಹರಡುತ್ತದೆ. ಹೃದಯಕ್ಕೆಂದು ವೈದ್ಯರು ದಿನವೂ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ. ಆದರೆ ನೀವು ಹಾಡುವವರೆಂದು ಅವರಿಗೆ ಹೇಳಿ.

ಬಣ್ಣ ಹಚ್ಚುವ ಚೌಕಿಯಲ್ಲಿ ಬಾಯಿಂದ ಬಾಯಿಗೆ ಹೋಗುವ ಔಷಧಗಳ ಬಗ್ಗೆಯೂ ಬರೆಯಲೇಬೇಕು. ಜೇಷ್ಠಮಧುವಿನ ಕಡ್ಡಿ ನಿಮ್ಮಲ್ಲಿ ಎಷ್ಟೋ ಮಂದಿಯ ಚೀಲದಲ್ಲಿದೆ. ಗಂಟಲು ಕೆರೆಯುವ ದಿನ ಒಂದು ತುಂಡು ಚೀಪಿದರೆ ಒಳ್ಳೆಯದೇ. ಆದರೆ ಸೀಸನ್ನಿನ ಉದ್ದಕ್ಕೂ ಹಗಲುರಾತ್ರಿ ಚೀಪುತ್ತಿದ್ದರೆ ಅದರೊಳಗಿನ ಸಿಹಿಯ ಅಂಶವೇ ರಕ್ತದೊತ್ತಡ ಏರಿಸುತ್ತದೆ, ಮೈಯ ಪೊಟ್ಯಾಶಿಯಂ ಇಳಿಸುತ್ತದೆ. ಬಿ.ಪಿ. ಮಾತ್ರೆ ನುಂಗುವ ಹಿರಿಯ ಕಲಾವಿದರು ಇದನ್ನು ಹಗುರವಾಗಿ ಕಾಣಬಾರದು. ಒಳ್ಳೆಮೆಣಸು ಶುಂಠಿಯ ಕಷಾಯಕ್ಕೂ ಇದೇ ಮಾತು. ಒಂದು ಲೋಟ ಹಿತ. ಗಳಿಗೆಗೊಂದು ಲೋಟ, ಅದೂ ಕಣ್ಣಲ್ಲಿ ನೀರು ಬರುವಷ್ಟು ಖಾರ ಮಾಡಿ ಕುಡಿದರೆ ಹೊಟ್ಟೆಯ ಹುಳಿ ಮೇಲೆದ್ದು ಅದೇ ಗಂಟಲನ್ನು ಸುಡುತ್ತದೆ. ಔಷಧದ ಅಂಗಡಿಯ ಚೀಪುವ ಗುಳಿಗೆಗಳಲ್ಲಿ ಕೆಲವು ಗಂಟಲನ್ನು ಮರಗಟ್ಟಿಸುತ್ತವೆ. ಊಟಕ್ಕೆ ಮುಂಚೆ ಅವು ಒಳ್ಳೆಯವು, ಪದ ಹೇಳುವುದಕ್ಕೆ ಮುಂಚೆ ಅಲ್ಲ. ಎಲ್ಲಿ ನಿಲ್ಲಿಸಬೇಕೆಂದು ಹೇಳುವ ನೋವನ್ನೇ ಅಡಗಿಸಿ ಹಾಡಿದರೆ ಮಿತಿ ತಿಳಿಯುವುದು ಹೇಗೆ?

ಹಬೆ ತೆಗೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ಮುಕ್ಕಳಿಸಿದ ನೀರು ಮುಟ್ಟದ ಧ್ವನಿತಂತುಗಳನ್ನು ಹಬೆ ಮುಟ್ಟುತ್ತದೆ, ಉಸಿರಿನ ದಾರಿಯಲ್ಲೇ ಹೋಗುವುದರಿಂದ. ಬರಿ ನೀರಿನ ಹಬೆ ಸಾಕು, ಕಣ್ಣು ಉರಿಸುವ ಮುಲಾಮು ಹಾಕಬೇಕಿಲ್ಲ. ಕುದಿಯುವ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಳ್ಳಬೇಡಿ, ಓಲಾಡುವ ಬಸ್ಸಿನಲ್ಲಂತೂ ಬೇಡವೇ ಬೇಡ. ಸುಟ್ಟುಕೊಂಡವರನ್ನು ನೋಡಿದ್ದೇನೆ.

ಆಂಟಿಬಯಾಟಿಕ್ ಮಾತ್ರೆಗಳ ವಿಷಯದಲ್ಲಿ ನನಗೆ ನಿಜವಾದ ಸಂಕಟವಿದೆ. ಒಬ್ಬರಿಗೆ ಬರೆದುಕೊಟ್ಟ ಮಾತ್ರೆಗಳಲ್ಲಿ ಉಳಿದದ್ದನ್ನು ಇನ್ನೊಬ್ಬರು ನುಂಗುತ್ತಾರೆ. ಮೂರನೆಯವರು ಅದೇ ಹೆಸರು ಹೇಳಿ ಅಂಗಡಿಯಿಂದ ತರಿಸುತ್ತಾರೆ. ವೈರಸ್ಸಿಗೆ ಈ ಮಾತ್ರೆಗಳು ಏನೂ ಮಾಡವು. ದೊಡ್ಡವರ ಗಂಟಲು ನೋವಿನಲ್ಲಿ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವುದು ಸುಮಾರು ಹತ್ತರಲ್ಲಿ ಒಂದು. ಅದರ ನಡತೆ ಬೇರೆ. ಇದ್ದಕ್ಕಿದ್ದಂತೆ ಬರುತ್ತದೆ, ಜ್ವರ ಏರುತ್ತದೆ, ದವಡೆಯ ಕೆಳಗೆ ನೋಯುವ ಗಂಟುಗಳೇಳುತ್ತವೆ, ಗಲಗ್ರಂಥಿಯ ಮೇಲೆ ಬಿಳಿ ಚುಕ್ಕೆ ಕಾಣಬಹುದು. ಕೆಮ್ಮು, ನೆಗಡಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಹೀಗಿದ್ದರೆ ತೋರಿಸಿಕೊಳ್ಳಿ, ಔಷಧ ಬರೆದುಕೊಟ್ಟರೆ ಕೊನೆಯ ಮಾತ್ರೆಯವರೆಗೆ ನುಂಗಿ.

ಮಕ್ಕಳಲ್ಲಿ ಈ ಪ್ರಮಾಣ ಹತ್ತರಲ್ಲಿ ಎರಡು ಮೂರಕ್ಕೆ ಏರುತ್ತದೆ. ಯಕ್ಷಗಾನ ಕಲಿಸುವ ಕೇಂದ್ರಗಳ ಗುರುಗಳೇ, ಈ ಭಾಗ ನಿಮಗಾಗಿ. ಐದರಿಂದ ಹದಿನೈದರ ವಯಸ್ಸಿನ ಮಕ್ಕಳಿಗೆ ಸ್ಟ್ರೆಪ್ಟೋಕಾಕಸ್ ಗಂಟಲು ನೋವು ಬಂದು, ಅದು ತಾನಾಗಿ ವಾಸಿಯಾದಂತೆ ಕಂಡು, ಎರಡು ಮೂರು ವಾರದ ಮೇಲೆ ಮಂಡಿ, ಮುಂಗೈ, ಕಾಲಗಂಟು ಒಂದಾದ ಮೇಲೊಂದು ಊದಿ ನೋಯುವುದುಂಟು. ಅದು ರುಮ್ಯಾಟಿಕ್ ಜ್ವರ. ಕುಣಿದದ್ದರಿಂದ ಬಂದ ನೋವೆಂದು ಎಣ್ಣೆ ತಿಕ್ಕಿ ಕೂರುವಷ್ಟರಲ್ಲಿ ಅದು ಹೃದಯದ ಕವಾಟಗಳನ್ನು ಕೆಡಿಸಿರಬಹುದು. ಭಾರತದಲ್ಲಿ ಈ ಕಾಯಿಲೆ ಇನ್ನೂ ತೊಲಗಿಲ್ಲ. ಗಂಟಲು ನೋವು ಶುರುವಾಗಿ ಒಂಬತ್ತು ದಿನದೊಳಗೆ ಪೆನಿಸಿಲಿನ್ ಆರಂಭಿಸಿ ಹತ್ತು ದಿನ ಬಿಡದೆ ಕೊಟ್ಟರೆ ಇದನ್ನು ತಡೆಯಬಹುದು. ಪೆನಿಸಿಲಿನ್ ದುಬಾರಿ ಔಷಧವೇನೂ ಅಲ್ಲ. ಬಾಲಗೋಪಾಲ ವೇಷದ ಹುಡುಗ ಜ್ವರವಿದ್ದೂ ಕುಣಿದನೆಂದು ಹೊಗಳುವುದರ ಬದಲು, ಅವನ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿ, ಮನೆಯವರಿಗೆ ಫೋನ್ ಮಾಡಿ. ಎಲ್ಲರೂ ಒಂದೇ ಲೋಟದಲ್ಲಿ ನೀರು ಕುಡಿಯುವುದನ್ನೂ ಬಿಡಿಸಿ.

ಧ್ವನಿಪೆಟ್ಟಿಗೆಯ ಕಥೆ ಇದಕ್ಕಿಂತ ಕಷ್ಟದ್ದು. ನಿಮ್ಮ ಕಸುಬು ಅದಕ್ಕೆ ಕೊಡುವ ಪೆಟ್ಟು ಒಂದೆರಡಲ್ಲ. ಬಯಲಾಟವಾದರೆ ಕೊಯ್ಲು ಮುಗಿದ ಗದ್ದೆಯ ದೂಳು, ಡಿಸೆಂಬರ್ ಜನವರಿಯ ಇಬ್ಬನಿ, ಜನರೇಟರಿನ ಹೊಗೆ. ತೆಂಕಿನ ಬಣ್ಣದ ವೇಷದ ಪ್ರವೇಶದಲ್ಲಿ ದೊಂದಿಗೆ ಎರಚುವ ರಾಳದ ಪುಡಿಯ ಹೊಗೆ ನೋಡುವವರಿಗೆ ರೋಮಾಂಚನ. ಅದರ ನಡುವೆಯೇ ಉಸಿರೆಳೆದು ಅಬ್ಬರಿಸಬೇಕಾದವರು ವೇಷಧಾರಿ. ಸ್ತ್ರೀವೇಷದವರು ತಮ್ಮದಲ್ಲದ ಸ್ಥಾಯಿಯಲ್ಲಿ ಗಂಟೆಗಟ್ಟಲೆ ಮಾತಾಡಬೇಕು. ಭಾಗವತರ ಪಕ್ಕದಲ್ಲೇ ಚೆಂಡೆ. ಸುತ್ತ ಸದ್ದು ಜೋರಾದಾಗ ಮನುಷ್ಯ ತನಗರಿವಿಲ್ಲದೆಯೇ ಸ್ವರ ಎತ್ತರಿಸುತ್ತಾನೆ. ನಿಮ್ಮ ಸ್ವರ ನಿಮಗೇ ಕೇಳಿಸುವಂತೆ ಒಂದು ಸಣ್ಣ ಸ್ಪೀಕರನ್ನು ಭಾಗವತರ ಮಂಚದ ಕಡೆಗೆ ತಿರುಗಿಸಿಡಿ ಎಂದು ಧ್ವನಿವರ್ಧಕದವರಿಗೆ ಒತ್ತಾಯಿಸಿ ಹೇಳಿ. ಇಷ್ಟು ಸಣ್ಣ ಬದಲಾವಣೆಯಿಂದ ಉಳಿಯುವ ಶ್ರಮ ದೊಡ್ಡದು.

ಇನ್ನು ಊಟ. ಆಟ ಮುಗಿಸಿ, ಬಣ್ಣ ತೆಗೆದು, ಹೊಟ್ಟೆ ತುಂಬ ಉಂಡು ಅಲ್ಲೇ ಅಡ್ಡಾಗುವುದು ನಿಮ್ಮ ಜೀವನಕ್ರಮ. ಮಲಗಿದೊಡನೆ ಹೊಟ್ಟೆಯ ಹುಳಿ ಗಂಟಲಿಗೆ ಏರುತ್ತದೆ. ಎದೆ ಉರಿಯದಿದ್ದರೂ ಧ್ವನಿಪೆಟ್ಟಿಗೆಯ ಹಿಂಭಾಗ ಕೆಂಪಾಗುತ್ತದೆ. ಎದ್ದಾಗ ಸ್ವರ ದಪ್ಪವಾಗಿರುವುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಪದೇಪದೇ ಕ್ಯಾಕರಿಸಬೇಕೆನಿಸುವುದು ಇದರ ಗುರುತು. ನನ್ನಲ್ಲಿಗೆ ‘ಶೀತ’ ಎಂದು ಬರುವ ಭಾಗವತರಲ್ಲಿ ಹಲವರದು ಶೀತವೇ ಅಲ್ಲ, ಇದು. ಉಂಡು ಎರಡು ಮೂರು ಗಂಟೆಯ ಮೇಲೆ ಮಲಗಿ ಎಂದು ಬೇರೆಯವರಿಗೆ ಹೇಳುತ್ತೇನೆ. ನಿಮಗೆ ಅದು ಆಗದ ಮಾತೆಂದು ಗೊತ್ತು. ಹಾಗಾಗಿ ಮುಖ್ಯ ಊಟ ಸಂಜೆಯೇ ಆಗಲಿ, ಆಟದ ಮೇಲೆ ತೆಳುವಾಗಿ ಏನಾದರೂ ಸಾಕು, ಮಲಗುವಾಗ ತಲೆಯ ಕಡೆ ಎತ್ತರವಿರಲಿ. ಕ್ಯಾಕರಿಸುವ ಬದಲು ಒಂದು ಗುಟುಕು ನೀರು ನುಂಗಿ. ಕ್ಯಾಕರಿಕೆಯಲ್ಲಿ ತಂತುಗಳು ಒಂದಕ್ಕೊಂದು ಅಪ್ಪಳಿಸುತ್ತವೆ.

ಸ್ವರ ಬಿದ್ದಿತೆಂದರೆ ಪಿಸುಗುಟ್ಟಿ ಮಾತಾಡುವವರಿದ್ದಾರೆ, ಅದರಿಂದ ಸ್ವರ ಉಳಿಯುತ್ತದೆಂದು. ಹೆಚ್ಚಿನವರಲ್ಲಿ ಪಿಸುಮಾತು ಗಂಟಲನ್ನು ಇನ್ನಷ್ಟು ಬಿಗಿಯುತ್ತದೆ. ಮಾತಾಡಲೇಬೇಕಾದರೆ ಮೆಲ್ಲಗೆ, ಸಹಜ ಸ್ವರದಲ್ಲೇ ಆಡಿ. ಇಲ್ಲವೇ ಚೀಟಿಯಲ್ಲಿ ಬರೆದು ತೋರಿಸಿ. ಪದ ಹೇಳುತ್ತಿರುವಾಗಲೇ ಸ್ವರ ಫಕ್ಕನೆ ಮಾಯವಾಯಿತೆಂದರೆ, ಆ ಕ್ಷಣದಲ್ಲೇ ನಿಲ್ಲಿಸಿ ಜಾಗಟೆಯನ್ನು ಪಕ್ಕದವರ ಕೈಗೆ ಕೊಟ್ಟುಬಿಡಿ. ತಂತುವಿನೊಳಗೆ ರಕ್ತ ಇಳಿದಿರಬಹುದು. ವಾರದಷ್ಟು ಪೂರ್ಣ ಮೌನದಿಂದ ಸಾಮಾನ್ಯವಾಗಿ ಅದು ಕರಗುತ್ತದೆ. ಅದರ ಮೇಲೇ ಹಾಡಿದರೆ ಕಲೆ ನಿಂತು ಸ್ವರ ಶಾಶ್ವತವಾಗಿ ಬದಲಾಗಬಹುದು. ‘ಇಂಜೆಕ್ಷನ್ ಕೊಟ್ಟುಬಿಡಿ’ ಎನ್ನುವವರಿಗೂ ಇದನ್ನೇ ಹೇಳುತ್ತೇನೆ. ಊತ ಇಳಿಸುವ ಸ್ಟೆರಾಯ್ಡ್ ಇದೆ, ನಿಜ. ಕ್ಯಾಮೆರಾ ಇಳಿಸಿ ತಂತುಗಳನ್ನು ಕಣ್ಣಾರೆ ನೋಡದೆ ಅದನ್ನು ಕೊಡುವುದು ತಪ್ಪು. ನೋಡಿದ ಮೇಲೂ, ರಕ್ತ ಇಳಿದಿದ್ದರೆ ಹಾಡಿಸುವುದಕ್ಕಾಗಿ ಕೊಡುವುದು ಇನ್ನೂ ದೊಡ್ಡ ತಪ್ಪು.

ಎಷ್ಟೋ ವರ್ಷ ಒತ್ತಿ ಹಾಡಿದವರ ತಂತುಗಳ ಅಂಚಿನಲ್ಲಿ ಸಣ್ಣ ಗಂಟು ಬೆಳೆಯುವುದುಂಟು. ಈ ಸುದ್ದಿ ಕೇಳಿ ಕೈಚೆಲ್ಲಿ ಕೂತವರನ್ನು ನೋಡಿದ್ದೇನೆ. ಆಪರೇಷನ್ನಿಗೆ ಓಡಬೇಕಿಲ್ಲ. ಹೆಚ್ಚಿನವು ಧ್ವನಿ ತರಬೇತಿಯಿಂದಲೇ ಇಳಿಯುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮಂಗಳೂರು, ಮಣಿಪಾಲಗಳಲ್ಲೂ ವಾಕ್ ಚಿಕಿತ್ಸಕರಿದ್ದಾರೆ. ಅವರ ಹತ್ತಿರ ಹೋಗುವುದನ್ನು ಅವಮಾನವೆಂದು ಎಣಿಸಬೇಡಿ. ನಿಮಗೆ ಪದ ಹೇಳಲು ಅವರು ಕಲಿಸುವುದಿಲ್ಲ, ಉಸಿರನ್ನು ಹೊಟ್ಟೆಯಿಂದ ತಂದು ಗಂಟಲಿನ ಭಾರ ಇಳಿಸುವುದನ್ನು ಕಲಿಸುತ್ತಾರೆ.

ಎಲೆಅಡಿಕೆಯ ಬಗ್ಗೆ ಬರೆಯದೆ ಬಿಡಲೇ ಎಂದು ಯೋಚಿಸಿದೆ. ಅಡಿಕೆಯೇ ಅನ್ನವಾಗಿರುವ ಊರು ನಮ್ಮದು. ಮೇಳ ಆಡಿಸುವ ಮನೆಗಳಲ್ಲಿ ಎಷ್ಟೋ ಮನೆಗಳ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಆದರೂ ಹೇಳುತ್ತೇನೆ: ಹೊಗೆಸೊಪ್ಪಿಲ್ಲದೆ ಬರಿಯ ಅಡಿಕೆ ಜಗಿದರೂ ಬಾಯಿಯ ಕ್ಯಾನ್ಸರಿನ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 2004ರಷ್ಟು ಹಿಂದೆಯೇ ಪ್ರಕಟಿಸಿದೆ. ಹೊಗೆಸೊಪ್ಪು, ಬೀಡಿ ಸೇರಿದರೆ ಗಂಟಲೂ ಆ ಅಪಾಯಕ್ಕೆ ಒಳಗು. ಕವಳ ಹಾಕುವವರೇ ಆಗಲಿ, ಹಾಕದವರೇ ಆಗಲಿ, ಸ್ವರ ಒಡೆದದ್ದು ಮೂರು ವಾರ ಕಳೆದರೂ ಸರಿಯಾಗದಿದ್ದರೆ ‘ಸೀಸನ್ ಮುಗಿಯಲಿ’ ಎಂದು ಕಾಯಬೇಡಿ. ಕ್ಯಾಮೆರಾದಲ್ಲಿ ನೋಡುವುದಕ್ಕೆ ಹೆಚ್ಚು ಹೊತ್ತು ಬೇಡ, ಪ್ರಜ್ಞೆ ತಪ್ಪಿಸುವ ಅರಿವಳಿಕೆ ಬೇಡ. ಧ್ವನಿತಂತುವಿನ ಕ್ಯಾನ್ಸರ್ ಬೇಗ ಸಿಕ್ಕಿದರೆ ಬಹುಮಟ್ಟಿಗೆ ಗುಣವಾಗುವಂಥದ್ದು. ಇನ್ನು ಒಂದೇ ಬದಿಯ ವಿಪರೀತ ನೋವು ಕಿವಿಗೆ ಹೊಡೆಯುತ್ತಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಉಗುಳನ್ನೂ ನುಂಗಲಾಗದೆ ಸುರಿಯುತ್ತಿದ್ದರೆ, ಉಸಿರಾಡುವಾಗ ಸದ್ದು ಬರುತ್ತಿದ್ದರೆ ವಾರ, ದಿನ ಲೆಕ್ಕ ಹಾಕದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ಇಷ್ಟೆಲ್ಲ ಬರೆದು ನಿಮ್ಮನ್ನು ಸುಮ್ಮನಿರಿ ಎಂದರೆ ಸಾಲದು. ಸುಮ್ಮನಿರುವುದು ನಿಮ್ಮೊಬ್ಬರ ಕೈಯಲ್ಲಿಲ್ಲ. ಆದ್ದರಿಂದ ಮೇಳದ ಯಜಮಾನರೇ, ನಿಮ್ಮಲ್ಲೂ ಕೈಮುಗಿದು ಕೇಳುತ್ತೇನೆ. ಸ್ವರ ಬಿದ್ದ ರಾತ್ರಿಯ ಸಂಬಳ ಹಿಡಿಯಬೇಡಿ. ಸಂಗೀತಗಾರರಾಗಿ ಪೂರ್ವರಂಗಕ್ಕೆ ಕೂರುವ ಹುಡುಗರಿಗೆ, ಎರಡನೆಯ ಭಾಗವತರಿಗೆ ಹೆಚ್ಚಿನ ಹೊತ್ತು ಕೊಡಿ. ಅವರೂ ಬೆಳೆಯುತ್ತಾರೆ. ಗಂಟಲು ಸೋತ ಭಾಗವತರು ಅರ್ಧ ಮನೆ ಶ್ರುತಿ ಇಳಿಸಿ ಹಾಡುತ್ತೇನೆಂದರೆ ಒಪ್ಪಿಕೊಳ್ಳಿ. ಭಾಗವತರು ಬದಲಾದಾಗ ಬೇರೆ ಶ್ರುತಿಯ ಮದ್ದಳೆ ಎತ್ತಿಕೊಳ್ಳುವುದು ಹೇಗೂ ರೂಢಿಯಲ್ಲಿದೆ. ಪ್ರಸಂಗ ಹಾಕುವಾಗ ಅಂದಿನ ಪ್ರಧಾನ ವೇಷದವರ ಸ್ವರ ಹೇಗಿದೆ ಎಂದು ಒಂದು ಮಾತು ಕೇಳಿ. ಇಡೀ ರಾತ್ರಿಯ ಬದಲು ಕಾಲಮಿತಿಯ ಆಟ ಬಂದ ಮೇಲೆ ಹೊತ್ತು ಕಡಿಮೆಯಾದದ್ದು ನಿಜ, ಆದರೆ ಬಿಡುವಿಲ್ಲದೆ ಪದದ ಮೇಲೆ ಪದ ಬರುವುದರಿಂದ ಗಂಟಲಿಗೆ ಸಿಗುತ್ತಿದ್ದ ವಿರಾಮವೂ ಕಡಿಮೆಯಾಗಿದೆ ಎಂದು ನನಗನಿಸುತ್ತದೆ.

ಸೇವೆಯ ಆಟ ಆಡಿಸುವ ಮನೆಯವರಲ್ಲೂ, ನನ್ನಂಥ ಪ್ರೇಕ್ಷಕರಲ್ಲೂ ಒಂದು ಕೋರಿಕೆ. ಇಂಥ ಭಾಗವತರೇ ಬೇಕೆಂದು ಕಾದು ಕೂತಾಗ ಅವರು ಬಾರದಿದ್ದರೆ ಬೇಸರವಾಗುತ್ತದೆ, ನನಗೂ ಆಗುತ್ತದೆ. ಆ ಬೇಸರವನ್ನು ಚೌಕಿಯವರೆಗೆ ಒಯ್ಯಬೇಡಿ. ಅವರು ಏರುಸ್ವರದಲ್ಲಿ ಎಡವಿದ ಗಳಿಗೆಯನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಬೇಡಿ. ಆ ಹೆದರಿಕೆಗೇ ಎಷ್ಟೋ ಮಂದಿ ನೋವು ಮುಚ್ಚಿಟ್ಟು ಹಾಡುತ್ತಾರೆ.

ಕಲಾವಿದ ಮಿತ್ರರೇ, ಪತ್ತನಾಜೆಯ ಮೇಲೂ ನಿಮಗೆ ಬಿಡುವಿಲ್ಲ. ಮಳೆಗಾಲದ ತಾಳಮದ್ದಳೆ, ಮನೆಮನೆಗೆ ಹೋಗುವ ಚಿಕ್ಕಮೇಳ, ಊರಾಚೆಯ ಪ್ರದರ್ಶನಗಳು. ಹೊಟ್ಟೆಪಾಡಿನ ಮಾತಾದ್ದರಿಂದ ಬಿಡಿ ಎನ್ನಲಾರೆ. ಜೂನ್ ತಿಂಗಳಲ್ಲಿ ಹತ್ತು ಹದಿನೈದು ದಿನವಾದರೂ ಗಂಟಲಿಗೆ ಬಿಡುವು ಕೊಡಿ. ಆ ದಿನಗಳಲ್ಲೇ ಒಮ್ಮೆ ಕ್ಯಾಮೆರಾದಲ್ಲಿ ತೋರಿಸಿಕೊಳ್ಳಿ.

ಗಂಟಲು ನೋವು ವಾಸಿಯಾದ ಮೇಲೆ ಮೊದಲ ರಾತ್ರಿಯೇ ಕಾಳಗದ ಪ್ರಸಂಗಕ್ಕೆ ಕೂರಬೇಡಿ. ಮನೆಯಲ್ಲಿ ಬಾಯಿ ಮುಚ್ಚಿ ಮೆಲ್ಲಗೆ ಗುನುಗಿ, ಮಂದ್ರದಿಂದ ಮಧ್ಯಕ್ಕೆ ಬನ್ನಿ, ಮೇಲಿನ ಸ್ಥಾಯಿಯನ್ನು ಕೊನೆಗೆ ಮುಟ್ಟಿ. ನೋಯದಿದ್ದರೆ ಮರುದಿನ ಒಂದೆರಡು ಪದ. ಆಮೇಲೆ ಒಂದು ರಾತ್ರಿ ಪೂರ್ವರಂಗ ಮಾತ್ರ ಹೇಳಿ ಎದ್ದುಬನ್ನಿ. ಬೆಳಿಗ್ಗೆ ಏಳುವಾಗ ಸ್ವರ ತಿಳಿಯಾಗಿದ್ದರೆ ಅದರ ಮರುರಾತ್ರಿ ಇಡೀ ಆಟಕ್ಕೆ ಕೂರಬಹುದು. ತಿಳಿಯಾಗಿಲ್ಲವಾದರೆ ಇನ್ನೆರಡು ದಿನ ಪೂರ್ವರಂಗವೇ ಇರಲಿ.

ಇತಿ,
ನಿಮ್ಮ ಆಟದ ಕಾಯಂ ಪ್ರೇಕ್ಷಕ,
ಒಬ್ಬ ಗಂಟಲಿನ ವೈದ್ಯ